ಸರಾಸರಿಯ ಹಿಂದಿನ ಹತ್ತು ಮನೆಗಳು: ಆದಾಯ, ತೆರಿಗೆ ಮತ್ತು ಬಡತನವನ್ನು ಗಣಿತ ತರಗತಿಯಲ್ಲಿ ಕಲಿಸಿದ ಅನುಭವ

ಪೀಠಿಕೆ

ಬಡತನ, ತೆರಿಗೆ, ಸರ್ಕಾರದ ಖರ್ಚು ಇವೆಲ್ಲ ಸಮಾಜ ವಿಜ್ಞಾನದವರ ಪಾಠ, ಗಣಿತದವಳಾದ ನಿನಗೇಕೆ ಎಂದು ನನ್ನ ಸಹ ಪ್ರಶಿಕ್ಷಣಾರ್ಥಿಗಳು ಕೇಳಿದ್ದರು. ನಾನು ಬಿ.ಎಸ್ಸಿ. ಮುಗಿಸಿ ಬಿ.ಇಡಿ. ಸೇರಿದವಳು. ಗಣಿತ ಮತ್ತು ಭೌತವಿಜ್ಞಾನ ನನ್ನ ಬೋಧನಾ ವಿಷಯಗಳು. ಹತ್ತನೇ ತರಗತಿಯ ಸಂಖ್ಯಾಶಾಸ್ತ್ರ ಘಟಕದಲ್ಲಿ ಸರಾಸರಿ, ಮಧ್ಯಾಂಕ, ಬಹುಲಕ ಬರುತ್ತವೆ. ನಾವು ಇವನ್ನು ಸಾಮಾನ್ಯವಾಗಿ ಕ್ರಿಕೆಟ್ ರನ್ನುಗಳಲ್ಲೋ ಪರೀಕ್ಷೆಯ ಅಂಕಗಳಲ್ಲೋ ಕಲಿಸುತ್ತೇವೆ. ಮಕ್ಕಳು ಸೂತ್ರ ಹಾಕಿ ಉತ್ತರ ತರುತ್ತಾರೆ. ಆದರೆ ಸರಾಸರಿ ಇರುವಾಗ ಮಧ್ಯಾಂಕ ಬೇರೆ ಏಕೆ ಬೇಕು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಆ ಪ್ರಶ್ನೆಗೆ ಆದಾಯದ ಲೆಕ್ಕದಷ್ಟು ಚೆನ್ನಾಗಿ ಉತ್ತರ ಕೊಡುವ ಉದಾಹರಣೆ ನನಗೆ ಕಾಣಲಿಲ್ಲ.

ಇದೇ ಪಾಠವನ್ನು ನಾನು ಎರಡು ಬಾರಿ ಮಾಡಿದೆ. ಮೊದಲನೆಯದು ತುಮಕೂರು ನಗರದ ಒಂದು ಪ್ರೌಢಶಾಲೆಯಲ್ಲಿ, ಎರಡನೆಯದು ಕುಣಿಗಲ್ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಮೊದಲ ಪಾಠದಲ್ಲಿ ಲೆಕ್ಕ ಸರಿಯಾಗಿತ್ತು, ಪಾಠ ತಪ್ಪಾಗಿತ್ತು. ತಪ್ಪು ಎಲ್ಲಾಯಿತು, ಅದನ್ನು ಹೇಗೆ ತಿದ್ದಿಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ನಂತರ ಈ ಘಟಕ ತೆಗೆದುಕೊಳ್ಳುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಪಾಠದ ಉದ್ದೇಶಗಳು

1. ದತ್ತಾಂಶದಲ್ಲಿ ಒಂದೆರಡು ಬೆಲೆಗಳು ತೀರಾ ದೊಡ್ಡದಾಗಿದ್ದಾಗ ಸರಾಸರಿಗೂ ಮಧ್ಯಾಂಕಕ್ಕೂ ಅಂತರ ಏಕೆ ಬರುತ್ತದೆ ಎಂದು ವಿದ್ಯಾರ್ಥಿಯು ವಿವರಿಸುವನು.
2. ತೆರಿಗೆ ಸೇರಿದ ಬೆಲೆಯಿಂದ ತೆರಿಗೆಯನ್ನು ಬೇರ್ಪಡಿಸಿ ಲೆಕ್ಕ ಹಾಕುವನು.
3. ತೆರಿಗೆ ಸಂಗ್ರಹಿಸುವ ಮತ್ತು ಖರ್ಚು ಮಾಡುವ ಬೇರೆ ಬೇರೆ ವಿಧಾನಗಳನ್ನು ಶೇಕಡಾವಾರು ಹೋಲಿಸುವನು.

ಮೊದಲ ಪಾಠ: ತುಮಕೂರು ನಗರ

2025ರ ನವೆಂಬರ್ ತಿಂಗಳು. ದಸರಾ ರಜೆ ಮುಗಿದು ಶಾಲೆಗಳು ಮತ್ತೆ ಹದಕ್ಕೆ ಬಂದಿದ್ದವು. ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿ ಬಂದ ಶಿಕ್ಷಕರ ಬಾಯಲ್ಲಿ ಇನ್ನೂ ಅದೇ ಮಾತು. ಆದಾಯ ಎಷ್ಟು ಅಂತ ಕೇಳಿದರೆ ಜನ ಹೇಗೆ ಮುಖ ಮುಖ ನೋಡುತ್ತಿದ್ದರು ಎಂದು ಒಬ್ಬ ಶಿಕ್ಷಕರು ಶಿಕ್ಷಕರ ಕೊಠಡಿಯಲ್ಲಿ ಹೇಳುತ್ತಿದ್ದರು. ಆ ಮಾತು ನನ್ನ ಕಿವಿಗೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ.

ಪಾಠ ನಿಜ ಜೀವನಕ್ಕೆ ಹತ್ತಿರವಾಗಬೇಕು ಎಂದು ನಾವು ಕಲಿತಿದ್ದೇವಲ್ಲ, ಅದನ್ನೇ ಹಿಡಿದು ಚಟುವಟಿಕೆ ಯೋಜಿಸಿದ್ದೆ. ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಟ್ಟು, ‘ನಿಮ್ಮ ಮನೆಯ ತಿಂಗಳ ಆದಾಯ ಬರೆಯಿರಿ, ಹೆಸರು ಬೇಡ’ ಎಂದೆ. ಹೆಸರು ಬೇಡ ಎಂದ ಮೇಲೆ ಯಾರಿಗೂ ತೊಂದರೆಯಿಲ್ಲ ಎಂದುಕೊಂಡಿದ್ದೆ. ಒಂದೇ ಬೆಂಚಿನಲ್ಲಿ ಕೂತವರು ಪಕ್ಕದವರ ಚೀಟಿ ನೋಡುತ್ತಾರೆ ಎಂಬುದು ಹೊಳೆಯಲಿಲ್ಲ. ಕೆಲವರು ಕೈ ಅಡ್ಡ ಹಿಡಿದು ಬರೆದರು. ಒಬ್ಬಳು ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಖಾಲಿ ಚೀಟಿಯನ್ನೇ ನಾಲ್ಕು ಮಡಿಕೆ ಮಾಡಿ ಕೊಟ್ಟಳು.

ಚೀಟಿಗಳಲ್ಲಿದ್ದ ಸಂಖ್ಯೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಸರಾಸರಿ ಕಂಡುಹಿಡಿದೆವು. ತರಗತಿ ಚುರುಕಾಗಿತ್ತು. ತೆರಿಗೆಯ ಮಾತು ಬಂದಾಗ ಮುಂದಿನ ಸಾಲಿನ ಹುಡುಗ ಎದ್ದು ನಿಂತು, “ಮಿಸ್, ಟ್ಯಾಕ್ಸ್ ಕಟ್ಟೋರು ನಮ್ಮಪ್ಪನಂಥೋರು. ಫ್ರೀ ಬಸ್ಸು, ಫ್ರೀ ಅಕ್ಕಿ ತಗೊಳ್ಳೋರು ಬೇರೆಯೋರು. ಇದು ಯಾವ ನ್ಯಾಯ?” ಎಂದ. ಅವನ ದನಿಯಲ್ಲಿ ಕೊಂಕಿರಲಿಲ್ಲ. ಮನೆಯಲ್ಲಿ ಕೇಳಿದ್ದನ್ನು ಹಾಗೆಯೇ ಹೇಳಿದ್ದ. ಆದರೆ ಕೆಲವರು ನಕ್ಕರು, ಕೆಲವರು ತಲೆ ತಗ್ಗಿಸಿದರು. ಖಾಲಿ ಚೀಟಿ ಕೊಟ್ಟವಳು ಪುಸ್ತಕದ ಒಳಗೆ ಮುಖ ಹುದುಗಿಸಿದ್ದಳು.

ನಾನು ಏನು ಹೇಳಬೇಕಿತ್ತು? ನನ್ನ ಊರು ಗುಬ್ಬಿ ತಾಲ್ಲೂಕು. ಆ ದಿನ ಬೆಳಿಗ್ಗೆ ಗುಬ್ಬಿಯಿಂದ ತುಮಕೂರಿಗೆ ಬಂದದ್ದು ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟಿನಲ್ಲಿ. ಟಿಕೆಟ್ಟು ನನ್ನ ಪರ್ಸಿನಲ್ಲೇ ಇತ್ತು. ನಮ್ಮಮ್ಮ ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲು ಹೋಗುತ್ತಾರೆ. ನಮ್ಮ ಮನೆಗೆ ಅಕ್ಕಿ ಬರುವುದು ನ್ಯಾಯಬೆಲೆ ಅಂಗಡಿಯಿಂದ. ಇದಾವುದನ್ನೂ ಹೇಳದೆ, “ಅದು ಸಮಾಜ ವಿಜ್ಞಾನದ ಪ್ರಶ್ನೆ, ನಾವೀಗ ಮಧ್ಯಾಂಕ ನೋಡೋಣ” ಎಂದುಬಿಟ್ಟೆ. ಗಂಟೆ ಹೊಡೆಯಿತು.

ಹಿಂದಿನ ಬೆಂಚಿನಲ್ಲಿ ಕೂತು ವೀಕ್ಷಣಾ ನಮೂನೆ ತುಂಬಿದ್ದ ಮಾರ್ಗದರ್ಶಕ ಉಪನ್ಯಾಸಕರು ವಿಷಯ ನಿರೂಪಣೆಗೆ ಒಳ್ಳೆಯ ಅಂಕವನ್ನೇ ಕೊಟ್ಟಿದ್ದರು. ಹೊರಗೆ ಬಂದ ಮೇಲೆ ಒಂದೇ ಮಾತು ಕೇಳಿದರು: “ಬೋರ್ಡ್ ಚೆನ್ನಾಗಿ ಬಳಸಿದೆಯಮ್ಮಾ. ಮಕ್ಕಳ ಮುಖ ನೋಡಿದೆಯಾ?”

ತಪ್ಪಾದದ್ದು ಎಲ್ಲಿ?

ಅಂದು ರಾತ್ರಿ ಆತ್ಮಾವಲೋಕನದ ಪುಟದಲ್ಲಿ ಎರಡು ತಪ್ಪುಗಳನ್ನು ಬರೆದುಕೊಂಡೆ.

ಮೊದಲನೆಯದು, ಮಕ್ಕಳ ಮನೆಯನ್ನೇ ದತ್ತಾಂಶ ಮಾಡಿದ್ದು. ನಾನು ಓದುವಾಗ ಪಡಿತರ ಚೀಟಿಯ ಬಣ್ಣ ಕೇಳಿ ನಮ್ಮನ್ನು ಎದ್ದು ನಿಲ್ಲಿಸಿ ಎಣಿಸಿದ ದಿನ ನನಗೆ ಇಂದಿಗೂ ನೆನಪಿದೆ. ಎಣಿಸಿದವರಿಗೆ ಅದೊಂದು ಪಟ್ಟಿ. ಎದ್ದು ನಿಂತವರಿಗೆ ಹಾಗಲ್ಲ. ಅಂಥದ್ದನ್ನೇ ನಾನು ಚೀಟಿಯ ಮೂಲಕ ಮಾಡಿದ್ದೆ. ನಿಜ ಜೀವನಕ್ಕೆ ಹತ್ತಿರವಾದ ಪಾಠ ಎಂದರೆ ಮಗುವಿನ ಮನೆಯ ಬಾಗಿಲು ತೆಗೆಸುವುದು ಎಂದಲ್ಲ.

ಎರಡನೆಯದು, ಆ ಹುಡುಗನ ಪ್ರಶ್ನೆಯನ್ನು ಬದಿಗೆ ಸರಿಸಿದ್ದು. ಅವನ ಪ್ರಶ್ನೆಯಲ್ಲಿ ಲೆಕ್ಕ ಹಾಕಿ ಪರೀಕ್ಷಿಸಬಹುದಾದ ಒಂದು ಹೇಳಿಕೆ ಇತ್ತು: ಊರಿನಲ್ಲಿ ತೆರಿಗೆ ಕಟ್ಟುವವರು ಒಂದು ಗುಂಪು, ಪಡೆಯುವವರು ಇನ್ನೊಂದು ಗುಂಪು. ಅದು ನಿಜವೇ ಸುಳ್ಳೇ ಎಂದು ನೋಡುವುದು ಗಣಿತದ ಕೆಲಸವೇ. ನಾನು ಉತ್ತರಿಸದೆ ಬಿಟ್ಟದ್ದರಿಂದ ಆ ಹೇಳಿಕೆ ತರಗತಿಯಲ್ಲಿ ನಿಜವೆಂದೇ ಉಳಿಯಿತು.

ಮರುದಿನ ತರಗತಿಗೆ ಹೋದ ಕೂಡಲೇ, ನಿನ್ನೆ ಹಾಗೆ ಕೇಳಬಾರದಿತ್ತು, ನನ್ನದೇ ತಪ್ಪು, ಚೀಟಿಗಳನ್ನು ಹರಿದು ಹಾಕಿದ್ದೇನೆ ಎಂದು ಹೇಳಿದೆ. ಆದರೂ ಆ ಹುಡುಗಿ ಆ ವಾರವಿಡೀ ನನ್ನ ಯಾವ ಪ್ರಶ್ನೆಗೂ ಕೈ ಎತ್ತಲಿಲ್ಲ.

ಬದಲಿಸಿದ ಯೋಜನೆ

ಕುಣಿಗಲ್‌ಗೆ ಹೋಗುವ ಮುಂಚೆ ಪಾಠ ಯೋಜನೆಯನ್ನು ಮೊದಲಿನಿಂದ ಬರೆದೆ. ಮಕ್ಕಳ ಮನೆಗಳ ಬದಲು ಹತ್ತು ಮನೆಗಳ ಒಂದು ಕಲ್ಪಿತ ಊರು. ಚೀಟಿಗಳ ಬದಲು ಅಂಗಡಿಯಿಂದ ತಂದ ಖಾಲಿ ಪೊಟ್ಟಣಗಳು. ಬೋಧನೋಪಕರಣಗಳು ಇಷ್ಟೇ: ಹತ್ತು ರಟ್ಟಿನ ಮನೆಗಳು, ಸೋಪು, ಬಿಸ್ಕತ್ತು, ಟೂತ್‌ಪೇಸ್ಟಿನ ಖಾಲಿ ಹೊದಿಕೆಗಳು, ಒಂದು ಶೂನ್ಯ ಟಿಕೆಟ್ಟು. ಒಟ್ಟು ಎರಡು ಅವಧಿಗಳು ಬೇಕಾದವು. ಒಂದೇ ಅವಧಿಯಲ್ಲಿ ಮುಗಿಸಲು ಯಾರೂ ಪ್ರಯತ್ನಿಸಬೇಡಿ.

ಚಟುವಟಿಕೆ 1: ಹತ್ತು ಮನೆಗಳ ಊರು

ಹತ್ತು ರಟ್ಟಿನ ಮನೆಗಳ ಮೇಲೆ ತಿಂಗಳ ಆದಾಯ ಬರೆದಿದ್ದೆ (ರೂಪಾಯಿಗಳಲ್ಲಿ): 6,000, 8,000, 9,000, 10,000, 11,000, 13,000, 15,000, 18,000, 30,000, 1,80,000.

ಮೊತ್ತ 3,00,000. ಸರಾಸರಿ 30,000. ಆಮೇಲೆ ಒಂದು ಪ್ರಶ್ನೆ ಕೇಳಿದೆ: “ಈ ಊರಿನ ಒಂದು ಮನೆಗೆ ಸರಾಸರಿ ಮೂವತ್ತು ಸಾವಿರ ಅಂತ ಪೇಪರಿನಲ್ಲಿ ಬಂದರೆ, ಓದಿದವರು ಊರನ್ನು ಹೇಗೆ ಅಂದುಕೊಳ್ಳುತ್ತಾರೆ?” “ಅನುಕೂಲಸ್ಥರ ಊರು ಅಂತಾರೆ ಮಿಸ್” ಎಂದರು. ಸರಾಸರಿಗಿಂತ ಕಡಿಮೆ ಇರುವ ಮನೆ ಎಷ್ಟು ಎಣಿಸಿ ಎಂದಾಗ ಹತ್ತರಲ್ಲಿ ಎಂಟು ಬಂತು. ಸರಾಸರಿಗೆ ಸರಿಯಾಗಿ ಇರುವುದು ಒಂದೇ ಮನೆ.

ಮಧ್ಯಾಂಕವೆಂದರೆ ಐದನೇ ಮತ್ತು ಆರನೇ ಬೆಲೆಗಳ ನಡುವಿನ ಬೆಲೆ, ಅಂದರೆ 12,000. ಈಗ ಹತ್ತನೇ ಮನೆಯ ಆದಾಯವನ್ನು 1,80,000ದಿಂದ 2,80,000ಕ್ಕೆ ಏರಿಸಿ ನೋಡಿ ಎಂದೆ. ಸರಾಸರಿ 40,000ಕ್ಕೆ ಜಿಗಿಯಿತು. ಮಧ್ಯಾಂಕ ಅಲ್ಲಾಡಲಿಲ್ಲ. ಉಳಿದ ಒಂಬತ್ತು ಮನೆಯಲ್ಲಿ ಒಂದು ಪಾವು ಅಕ್ಕಿ ಹೆಚ್ಚಾಗದಿದ್ದರೂ ಊರಿನ ಸರಾಸರಿ ಮೂರನೇ ಒಂದು ಭಾಗ ಏರಿತು. ಮಧ್ಯಾಂಕ ಏಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಾಗಲಿಲ್ಲ.

ಅಸಮಾನತೆಯನ್ನು ಇನ್ನೊಂದು ರೀತಿಯಲ್ಲೂ ಹೇಳಬಹುದು. ಕೆಳಗಿನ ಐದು ಮನೆಗಳ ಒಟ್ಟು ಆದಾಯ 44,000. ಅಂದರೆ ಊರಿನ ಅರ್ಧದಷ್ಟು ಮನೆಗಳಿಗೆ ಸಿಗುವುದು ಶೇ. 15ಕ್ಕಿಂತ ಕಡಿಮೆ, ಒಂದೇ ಮನೆಗೆ ಶೇ. 60. ಹೀಗೆ ಕೆಳಗಿನಿಂದ ಕೂಡುತ್ತಾ ಹೋಗಿ ನಕ್ಷೆ ಎಳೆಯುವ ವಿಧಾನವನ್ನು ಅಮೆರಿಕದ ಮ್ಯಾಕ್ಸ್ ಲೊರೆಂಜ್ 1905ರಲ್ಲಿ ತೋರಿಸಿದರು. ಇಟಲಿಯ ಕೊರಾಡೊ ಗಿನಿ 1912ರಲ್ಲಿ ಅಸಮಾನತೆಯನ್ನು ಒಂದೇ ಸಂಖ್ಯೆಯಲ್ಲಿ ಅಳೆಯುವ ಸೂಚ್ಯಂಕ ಕೊಟ್ಟರು. ಇದು ಪಠ್ಯದಲ್ಲಿಲ್ಲ. ಆದರೆ ಸಂಚಿತ ಆವೃತ್ತಿ ಗೊತ್ತಿರುವ ಮಕ್ಕಳಿಗೆ ನಕ್ಷೆ ಎಳೆಯುವುದು ಕಷ್ಟವಾಗಲಿಲ್ಲ.

ಚಟುವಟಿಕೆ 2: ಪೊಟ್ಟಣದೊಳಗಿನ ತೆರಿಗೆ

“ತೆರಿಗೆ ಕಟ್ಟುವವರು ಯಾರು?” ಎಂದು ಕೇಳಿದೆ. ಇಲ್ಲಿಯೂ ಉತ್ತರ ಬೇರೆ ಇರಲಿಲ್ಲ: ಸಾಹುಕಾರರು, ಆಫೀಸರ್‌ಗಳು, ಬೆಂಗಳೂರಿನವರು. ಆಗ ಪೊಟ್ಟಣಗಳನ್ನು ಗುಂಪುಗಳಿಗೆ ಹಂಚಿ, ಬೆಲೆಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಏನಿದೆ ಓದಿ ಎಂದೆ. ಎಲ್ಲ ಪೊಟ್ಟಣಗಳ ಮೇಲೂ ಒಂದೇ ಮಾತು: ಎಲ್ಲ ತೆರಿಗೆಗಳೂ ಸೇರಿ. ಇಷ್ಟು ವರ್ಷ ಕೈಯಲ್ಲಿ ಹಿಡಿದ ಪೊಟ್ಟಣದ ಮೇಲೆ ಇದ್ದರೂ ಯಾರೂ ಓದಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಆ ವಾರದವರೆಗೆ ಗಮನಿಸಿರಲಿಲ್ಲ.

ಸರಕು ಮತ್ತು ಸೇವಾ ತೆರಿಗೆ ನಮ್ಮಲ್ಲಿ 2017ರ ಜುಲೈ 1ರಿಂದ ಜಾರಿಯಲ್ಲಿದೆ. 2025ರ ಸೆಪ್ಟೆಂಬರ್ 22ರಿಂದ ಸೋಪು, ಟೂತ್‌ಪೇಸ್ಟು, ತಲೆಗೆ ಹಚ್ಚುವ ಎಣ್ಣೆಗಳ ಮೇಲಿನ ದರ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ನೋಟ್ ಪುಸ್ತಕ, ಪೆನ್ಸಿಲ್‌ಗಳ ಮೇಲೆ ತೆರಿಗೆಯೇ ಇಲ್ಲ. ಈಗ ಲೆಕ್ಕ: ಒಂದು ಸೋಪಿನ ಬೆಲೆ ಎಲ್ಲ ತೆರಿಗೆ ಸೇರಿ 42 ರೂಪಾಯಿ, ದರ ಶೇ. 5. ತೆರಿಗೆ ಎಷ್ಟು?

ಹೆಚ್ಚಿನವರು 42ರ ಶೇ. 5 ತೆಗೆದು 2 ರೂಪಾಯಿ 10 ಪೈಸೆ ಎಂದರು. ಈ ತಪ್ಪನ್ನು ನಾವು ನಿರೀಕ್ಷಿಸಿಯೇ ಇರಬೇಕು. ತೆರಿಗೆ ಹಾಕುವುದು ಮೂಲಬೆಲೆಯ ಮೇಲೆ, ಆದ್ದರಿಂದ 42 ಎಂಬುದು ಮೂಲಬೆಲೆಯ ಶೇ. 105. ತೆರಿಗೆ = 42 × 5 ÷ 105 = 2 ರೂಪಾಯಿ. ಮೂಲಬೆಲೆ 40. ತಾಳೆ ನೋಡಿದಾಗ 40ರ ಶೇ. 5 ಸರಿಯಾಗಿ 2. ರಾಜ್ಯದೊಳಗೆ ಮಾರಾಟವಾದಾಗ ಆ ಎರಡು ರೂಪಾಯಿಯಲ್ಲಿ ಒಂದು ಕೇಂದ್ರಕ್ಕೆ, ಒಂದು ರಾಜ್ಯಕ್ಕೆ. ಹಳೆಯ ಶೇ. 18ರ ದರದಲ್ಲಿ ಅದೇ ಸೋಪಿಗೆ 7 ರೂಪಾಯಿ 20 ಪೈಸೆ ತೆರಿಗೆ ಬೀಳುತ್ತಿತ್ತು.

“ದಿನಕ್ಕೆ 400 ರೂಪಾಯಿ ಕೂಲಿಯವರೂ, ದಿನಕ್ಕೆ 4,000 ದುಡಿಯುವವರೂ ಇದೇ ಸೋಪು ತಗೊಂಡರೆ?” ಇಬ್ಬರೂ ಕಟ್ಟುವುದು 2 ರೂಪಾಯಿ. ಒಬ್ಬರಿಗೆ ಅದು ದಿನದ ದುಡಿಮೆಯ ಶೇ. 0.5, ಇನ್ನೊಬ್ಬರಿಗೆ ಶೇ. 0.05. ಹಿಂದಿನ ಸಾಲಿನ ಹುಡುಗಿಯೊಬ್ಬಳು ಥಟ್ಟನೆ, “ಹಂಗಾದ್ರೆ ಕೂಲಿಯೋರಿಗೇ ಹತ್ತರಷ್ಟು ಭಾರ ಆಯ್ತಲ್ಲ ಮಿಸ್” ಎಂದಳು. ಪರೋಕ್ಷ ತೆರಿಗೆಯ ಬಗ್ಗೆ ನಾನು ಬರೆದುಕೊಂಡು ಹೋಗಿದ್ದ ಅರ್ಧ ಪುಟ ಆ ಒಂದು ಮಾತಿನಲ್ಲಿ ಮುಗಿಯಿತು.

ಆಗ ನನ್ನ ಶೂನ್ಯ ಟಿಕೆಟ್ಟನ್ನು ಹಲಗೆಗೆ ಅಂಟಿಸಿದೆ. ನಾನೂ ಇದರಲ್ಲೇ ಓಡಾಡುತ್ತೇನೆ, 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳೆಲ್ಲ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಓಡಾಡಬಹುದು, ನಾನು ಸೋಪನ್ನೂ ಕೊಳ್ಳುತ್ತೇನೆ, ಹಾಗಾದರೆ ನಾನು ಕಟ್ಟುವವಳೋ ಪಡೆಯುವವಳೋ ಎಂದು ಕೇಳಿದೆ. “ಎರಡೂ ಮಿಸ್” ಎಂದು ಹಲವರು ಒಟ್ಟಿಗೆ ಹೇಳಿದರು. ತುಮಕೂರಿನಲ್ಲಿ ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ ಇದೇ ಆಗಿತ್ತು.

ಚಟುವಟಿಕೆ 3: ಸಂಗ್ರಹಿಸುವ ಮೂರು ದಾರಿ, ಖರ್ಚು ಮಾಡುವ ಮೂರು ದಾರಿ

ಎರಡನೇ ಅವಧಿಯಲ್ಲಿ ಹತ್ತು ಮನೆಗಳ ಊರಿಗೆ ತಿಂಗಳಿಗೆ 20,000 ರೂಪಾಯಿ ಬೇಕು ಎಂದಿಟ್ಟುಕೊಂಡೆವು. ಅದನ್ನು ಕೂಡಿಸುವುದು ಹೇಗೆ?

ಒಂದನೇ ದಾರಿ, ಎಲ್ಲರಿಗೂ ಸಮ: ಮನೆಗೆ 2,000. ಮೊದಲ ಮನೆಗೆ ಅದು ಆದಾಯದ ಮೂರನೇ ಒಂದು ಭಾಗ, ಹತ್ತನೇ ಮನೆಗೆ ಶೇ. 1.11. ಎರಡನೇ ದಾರಿ, ಎಲ್ಲರಿಗೂ ಒಂದೇ ಶೇಕಡಾವಾರು: 20,000 ಎಂದರೆ 3,00,000ದ ಶೇ. 6.67. ಮೊದಲ ಮನೆ 400, ಹತ್ತನೇ ಮನೆ 12,000 ಕೊಡುತ್ತವೆ. ಮೂರನೇ ದಾರಿ, ಮೆಟ್ಟಿಲು ಮೆಟ್ಟಿಲಾಗಿ ದರ ಏರಿಸುವುದು. ಆದಾಯ ತೆರಿಗೆ ಇರುವುದು ಹೀಗೆಯೇ.

2025-26ರ ಹೊಸ ಪದ್ಧತಿಯ ದರಗಳನ್ನು ಹಲಗೆಯ ಮೇಲೆ ಬರೆದೆ: ವರ್ಷಕ್ಕೆ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ, ಅಲ್ಲಿಂದ 8 ಲಕ್ಷದವರೆಗೆ ಶೇ. 5, 12 ಲಕ್ಷದವರೆಗೆ ಶೇ. 10, 16 ಲಕ್ಷದವರೆಗೆ ಶೇ. 15, 20 ಲಕ್ಷದವರೆಗೆ ಶೇ. 20, 24 ಲಕ್ಷದವರೆಗೆ ಶೇ. 25, ಅದಕ್ಕೂ ಮೇಲೆ ಶೇ. 30. ಒಟ್ಟು ಆದಾಯ 12 ಲಕ್ಷ ಮೀರದಿದ್ದರೆ ರಿಯಾಯಿತಿ ಇರುವುದರಿಂದ ತೆರಿಗೆ ಬೀಳುವುದಿಲ್ಲ.

ಹತ್ತನೇ ಮನೆಯ ವಾರ್ಷಿಕ ಆದಾಯ 21,60,000. ಮಕ್ಕಳು ಇಡೀ ಮೊತ್ತಕ್ಕೆ ಶೇ. 25 ಹಾಕಿ 5,40,000 ಎಂದರು. ಎಷ್ಟೋ ದೊಡ್ಡವರೂ ಹೀಗೆಯೇ ತಿಳಿದಿದ್ದಾರೆ. ಪ್ರತಿ ಮೆಟ್ಟಿಲಿಗೂ ಅಲ್ಲಲ್ಲಿಯ ದರ ಮಾತ್ರ ಎಂದು ಚಿತ್ರ ಬರೆದು ತೋರಿಸಿದೆ: 0 + 20,000 + 40,000 + 60,000 + 80,000 + 40,000 = 2,40,000. ತಿಂಗಳಿಗೆ 20,000, ಆದಾಯದ ಶೇ. 11.11. (ಸಂಬಳದಾರರ ಪ್ರಮಾಣಿತ ಕಡಿತ ಮತ್ತು ಮೇಲ್ತೆರಿಗೆಯನ್ನು ಲೆಕ್ಕ ಸರಳವಾಗಲೆಂದು ಬಿಟ್ಟಿದ್ದೇನೆ.) ತೆರಿಗೆ ಕಟ್ಟಿದ ಮೇಲೂ ಆ ಮನೆಗೆ 1,60,000 ಉಳಿಯುತ್ತದೆ.

ಈಗ ಆ 20,000ವನ್ನು ಖರ್ಚು ಮಾಡಬೇಕು. ಇಲ್ಲಿ ಒಂದು ಸ್ಪಷ್ಟನೆ ಕೊಡುವುದು ಅಗತ್ಯ. ನಿಜದಲ್ಲಿ ಆದಾಯ ತೆರಿಗೆ ಸಂಗ್ರಹಿಸುವುದು ಕೇಂದ್ರ ಸರ್ಕಾರ. ಹಂಚಿಕೆಯ ನಿಧಿಯಲ್ಲಿ ಶೇ. 41ನ್ನು ರಾಜ್ಯಗಳಿಗೆ ಹಂಚಬೇಕೆಂದು 15ನೇ ಹಣಕಾಸು ಆಯೋಗ ಹೇಳಿದೆ. ನಮ್ಮ ಕಲ್ಪಿತ ಊರಿನಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಪೆಟ್ಟಿಗೆ.

ಮೊದಲ ಗುಂಪು ಎಲ್ಲ ಮನೆಗೂ 2,000 ಕೊಟ್ಟಿತು. ಹೊಸ ಪಟ್ಟಿಯಲ್ಲಿ ಸರಾಸರಿ ಅದೇ 30,000. ಮಧ್ಯಾಂಕ ಮಾತ್ರ 12,000ದಿಂದ 14,000ಕ್ಕೆ ಏರಿತು. “ಸರಾಸರಿ ನೋಡಿದ್ರೆ ಏನೂ ಆಗೇ ಇಲ್ಲ ಅನ್ನಿಸ್ತದೆ” ಎಂದು ಒಬ್ಬ ಹುಡುಗ ಹೇಳಿದ. ಗೃಹಲಕ್ಷ್ಮಿಯ ಮೊತ್ತವೂ ಮನೆಯ ಯಜಮಾನಿಗೆ ತಿಂಗಳಿಗೆ 2,000 ಎಂಬುದನ್ನು ಮಕ್ಕಳೇ ನೆನಪಿಸಿದರು. ಆದಾಯ ತೆರಿಗೆ ಕಟ್ಟುವ ಮನೆಗೆ ಅದು ಇಲ್ಲ ಎಂಬುದನ್ನು ನಾನು ಸೇರಿಸಿದೆ.

ಎರಡನೇ ಗುಂಪು ಕೆಳಗಿನ ಐದು ಮನೆಗೆ ಮಾತ್ರ 4,000ದಂತೆ ಕೊಟ್ಟಿತು. ಮಧ್ಯಾಂಕ 14,500 ಆಯಿತು. ಬಡ ಮನೆಗೆ ಹೆಚ್ಚು ಸಿಕ್ಕಿತು. ಆದರೆ ಐದನೇ ಮನೆ 11,000ದಿಂದ 15,000ಕ್ಕೆ ಹೋಗಿ, 13,000ದ ಆರನೇ ಮನೆಯನ್ನು ದಾಟಿತು. “ಆರನೇ ಮನೆಯೋರು ಜಗಳಕ್ಕೆ ಬರ್ತಾರೆ ಮಿಸ್!” ಎಂದು ಇಡೀ ತರಗತಿ ಕೂಗಿತು. ಬಡತನದ ಗೆರೆ ಎಲ್ಲಿ ಎಳೆದರೂ ಗೆರೆಯ ಪಕ್ಕದಲ್ಲೇ ಒಂದು ಮನೆ ಇರುತ್ತದೆ. ನಮ್ಮ ರಾಜ್ಯದಲ್ಲಿ ಆದ್ಯತಾ ಪಡಿತರ ಚೀಟಿಗೆ ವಾರ್ಷಿಕ ಆದಾಯದ ಮಿತಿ 1.20 ಲಕ್ಷ. 1.19 ಲಕ್ಷದವರಿಗೂ 1.21 ಲಕ್ಷದವರಿಗೂ ಬದುಕಿನಲ್ಲಿ ಎಷ್ಟು ವ್ಯತ್ಯಾಸ ಎಂದು ಕೇಳಿದೆ. ಯಾರೂ ಉತ್ತರ ಹೇಳಲಿಲ್ಲ. ಹೇಳಿಸುವ ಪ್ರಯತ್ನವನ್ನೂ ನಾನು ಮಾಡಲಿಲ್ಲ.

ಮೂರನೇ ಗುಂಪು ಯಾರ ಕೈಗೂ ದುಡ್ಡು ಕೊಡದೆ ಕುಡಿಯುವ ನೀರು, ಆಸ್ಪತ್ರೆ, ಶಾಲೆಯ ಊಟಕ್ಕೆ ಇಟ್ಟಿತು. ಮಧ್ಯಾಂಕ 12,000ದಲ್ಲೇ ನಿಂತಿತು. ಹಾಗಾದರೆ ಏನೂ ಪ್ರಯೋಜನ ಆಗಲಿಲ್ಲವೇ? ಆಯಿತು, ಆದರೆ ಆದಾಯದ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಇದಕ್ಕಾಗಿಯೇ ಬಡತನವನ್ನು ಆದಾಯದಿಂದ ಮಾತ್ರ ಅಳೆಯದೆ ಪೌಷ್ಟಿಕತೆ, ಶಾಲಾ ಹಾಜರಾತಿ, ಅಡುಗೆ ಇಂಧನ, ನೀರು ಮುಂತಾದ 12 ಸೂಚಕಗಳಿಂದ ಅಳೆಯುವ ಬಹು ಆಯಾಮ ಬಡತನ ಸೂಚ್ಯಂಕವಿದೆ. ನೀತಿ ಆಯೋಗದ 2023ರ ವರದಿಯಂತೆ ಈ ಅಳತೆಯಲ್ಲಿ ಬಡವರಾದವರ ಪ್ರಮಾಣ 2015-16 ಮತ್ತು 2019-21ರ ನಡುವೆ ದೇಶದಲ್ಲಿ ಶೇ. 24.85ರಿಂದ ಶೇ. 14.96ಕ್ಕೆ, ಕರ್ನಾಟಕದಲ್ಲಿ ಶೇ. 12.77ರಿಂದ ಶೇ. 7.58ಕ್ಕೆ ಇಳಿಯಿತು.

ಊಟದ ಮಾತು ಬಂದಾಗ ಒಬ್ಬ ಹುಡುಗ, “ಸಿದ್ಧಗಂಗೆಯಲ್ಲೂ ದಾಸೋಹ ಅಂತಾರೆ, ಇಲ್ಲೂ ಅಕ್ಷರ ದಾಸೋಹ ಅಂತಾರೆ. ಎರಡೂ ಒಂದೇನಾ?” ಎಂದು ಕೇಳಿದ. ನಾನು ಸ್ವಲ್ಪ ತಡವರಿಸಿದೆ. ಎರಡು ಕಡೆಯೂ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಮಠಕ್ಕೆ ಭಕ್ತರು ಮನಸಾರೆ ಕೊಡುತ್ತಾರೆ. ಶಾಲೆಯ ಊಟ ಎಲ್ಲರ ತೆರಿಗೆಯಿಂದ ಬರುತ್ತದೆ, ಅದರಲ್ಲಿ ನಿಮ್ಮ ಮನೆಯ ಸೋಪಿನ ಎರಡು ರೂಪಾಯಿಯೂ ಇದೆ ಎಂದೆ.

ಮನೆಯಿಂದ ತಾಲ್ಲೂಕಿಗೆ

ವಿಸ್ತರಣೆಯ ಹಂತದಲ್ಲಿ ಹತ್ತು ಮನೆಗಳ ಬದಲು ತಾಲ್ಲೂಕುಗಳನ್ನು ತೆಗೆದುಕೊಂಡೆ. ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಪ್ರಾದೇಶಿಕ ಅಸಮತೋಲನ ನಿವಾರಣಾ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಕೃಷಿ, ಕೈಗಾರಿಕೆ, ಆರೋಗ್ಯ, ಶಿಕ್ಷಣ ಮುಂತಾದ ಕ್ಷೇತ್ರಗಳ 35 ಸೂಚಕಗಳನ್ನು ಸೇರಿಸಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಆಗಿನ 175 ತಾಲ್ಲೂಕುಗಳಿಗೂ ಸಮಿತಿ ಒಂದೊಂದು ಸೂಚ್ಯಂಕ ಕೊಟ್ಟಿತು. 1ಕ್ಕಿಂತ ಕೆಳಗೆ ಬಂದವು 114: ಹಿಂದುಳಿದವು 35, ಅತಿ ಹಿಂದುಳಿದವು 40, ಅತ್ಯಂತ ಹಿಂದುಳಿದವು 39.

ಹತ್ತರಲ್ಲಿ ಎಂಟು ಮನೆ ಸರಾಸರಿಗಿಂತ ಕೆಳಗಿದ್ದಂತೆ, 175ರಲ್ಲಿ 114 ತಾಲ್ಲೂಕುಗಳು, ಅಂದರೆ ಶೇ. 65, ಸರಾಸರಿಗಿಂತ ಕೆಳಗೆ. ಆ ಅತ್ಯಂತ ಹಿಂದುಳಿದ 39ರಲ್ಲಿ ನಮ್ಮ ಜಿಲ್ಲೆಯ ಗುಬ್ಬಿಯೂ ಇತ್ತು, ಕುಣಿಗಲ್ಲೂ ಇತ್ತು. ಇದನ್ನು ಹೇಳಿದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು. “ನಿಮ್ಮೂರೂ ಇದೆಯಾ ಮಿಸ್?” ಎಂದು ಒಬ್ಬಳು ಕೇಳಿದಳು. ಇದೆ ಎಂದೆ. ಸೂಚ್ಯಂಕ ಅಳೆದದ್ದು ಊರಿನ ಜನರನ್ನಲ್ಲ, ಊರಿಗೆ ತಲುಪಿದ ರಸ್ತೆ, ಆಸ್ಪತ್ರೆ, ನೀರಾವರಿ, ಶಾಲೆಗಳನ್ನು ಎಂದು ವಿವರಿಸಿದೆ. ಈ ಅಂತರ ತುಂಬಲು ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿ ಸೂಚಿಸಿತ್ತು. ಅದು 2007-08ರಿಂದ ಶುರುವಾಯಿತು. ಇದೂ ಹತ್ತು ಮನೆಗಳ ಲೆಕ್ಕವೇ, ಎಲ್ಲರಿಂದ ಬಂದದ್ದನ್ನು ಯಾವ ಮನೆಗೆ ಮೊದಲು ಕೊಡಬೇಕು ಎಂಬುದು.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಅಂಥ ಕಾರ್ಖಾನೆ ಬಂದಾಗ ತಾಲ್ಲೂಕಿನ ಸರಾಸರಿ ಏರಿದರೂ ಮಧ್ಯಾಂಕ ಏರುತ್ತದೆಯೇ? ಅದನ್ನು ತಿಳಿಯಲು ಯಾವ ದತ್ತಾಂಶ ಬೇಕು? ಇದನ್ನು ಮನೆಗೆಲಸದ ಪ್ರಶ್ನೆಯಾಗಿ ಕೊಟ್ಟೆ.

ಮೌಲ್ಯಮಾಪನ

ಕೊನೆಯ ಐದು ನಿಮಿಷದಲ್ಲಿ ಮೂರು ಪ್ರಶ್ನೆಗಳು. ಒಂದು, ತೆರಿಗೆ ಸೇರಿ 21 ರೂಪಾಯಿ ಬೆಲೆಯ ಬಿಸ್ಕತ್ತಿನಲ್ಲಿ ಶೇ. 5ರ ತೆರಿಗೆ ಎಷ್ಟು? ಎರಡು, ಒಂದು ಊರಿನ ಸರಾಸರಿ ಏರಿ ಮಧ್ಯಾಂಕ ಏರದಿದ್ದರೆ ಏನಾಗಿರಬಹುದು? ಮೂರು, ನಮ್ಮ ಹತ್ತು ಮನೆಗಳಲ್ಲಿ ತೆರಿಗೆ ಕಟ್ಟದ ಮನೆ ಯಾವುದು?

ಮೊದಲ ಪ್ರಶ್ನೆಯಲ್ಲಿ ಕೆಲವರು ಮತ್ತೆ 1 ರೂಪಾಯಿ 5 ಪೈಸೆ ಎಂದೇ ಬರೆದರು. ಅವರಿಗೆ ಇನ್ನೊಂದು ಅವಧಿ ಪರಿಹಾರ ಬೋಧನೆ ಬೇಕಾಯಿತು. ಮೂರನೆಯದಕ್ಕೆ ಒಂದು ಚೀಟಿಯಲ್ಲಿ ಇದ್ದ ಉತ್ತರ: ‘ಅಂಥ ಮನೆ ಇಲ್ಲ. ಒಂದನೇ ಮನೆಯವರೂ ಸೋಪು ಹಚ್ಚುತ್ತಾರೆ.’

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

1. ಆದಾಯ, ಜಾತಿ, ಪಡಿತರ ಚೀಟಿ, ಮನೆಯ ಸಾಲ ಇವನ್ನು ತರಗತಿಯಲ್ಲಿ ಮಕ್ಕಳಿಂದ ಸಂಗ್ರಹಿಸಬೇಡಿ, ಹೆಸರಿಲ್ಲದ ಚೀಟಿಯಲ್ಲೂ ಬೇಡ. ಕಲ್ಪಿತ ಊರು ಸಾಕು.
2. ಸಂಖ್ಯೆಗಳನ್ನು ಮೊದಲೇ ಆರಿಸಿಕೊಳ್ಳಿ. ಮೊತ್ತ, ಸರಾಸರಿ, ಮಧ್ಯಾಂಕ ಸರಳವಾಗಿ ಬಂದರೆ ಮಕ್ಕಳ ಗಮನ ಭಾಗಾಕಾರದಲ್ಲಿ ಕಳೆದುಹೋಗುವುದಿಲ್ಲ.
3. ತೆರಿಗೆ ದರಗಳು ಬದಲಾಗುತ್ತಿರುತ್ತವೆ. ಪಾಠದ ವಾರ ಮತ್ತೊಮ್ಮೆ ನೋಡಿಕೊಳ್ಳಿ.
4. ಯಾವುದೇ ಯೋಜನೆಯನ್ನು ಹೊಗಳಲೂ ಬೇಡ, ತೆಗಳಲೂ ಬೇಡ. ಯಾರು ಎಷ್ಟು ಕೊಟ್ಟರು, ಯಾರಿಗೆ ಎಷ್ಟು ಸಿಕ್ಕಿತು ಎಂದು ಲೆಕ್ಕ ಹಾಕಿಸಿ. ತೀರ್ಮಾನ ಮಕ್ಕಳದಾಗಿರಲಿ.
5. ಚುಚ್ಚುವಂಥ ಪ್ರಶ್ನೆ ಬಂದಾಗ ಬದಿಗೆ ಸರಿಸಬೇಡಿ. ಅದರಲ್ಲಿ ಅಳೆಯಬಹುದಾದ ಹೇಳಿಕೆ ಯಾವುದು ಎಂದು ಹುಡುಕಿ, ಅದನ್ನೇ ಲೆಕ್ಕವಾಗಿ ಹಲಗೆಯ ಮೇಲೆ ಬರೆಯಿರಿ.

ಉಪಸಂಹಾರ

ಪೊಟ್ಟಣಗಳನ್ನು ಕೂಡಿಸುವಾಗ ನಮ್ಮಮ್ಮನಿಗೂ ಸೋಪಿನ ಹೊದಿಕೆ ತೋರಿಸಿ ಲೆಕ್ಕ ಹೇಳಿದ್ದೆ. ಅಡಿಕೆಯ ಕಲೆಯಿಂದ ಕಪ್ಪಾದ ಬೆರಳಿನಲ್ಲಿ ಅದನ್ನು ಹಿಡಿದು ತಿರುಗಿಸಿ ನೋಡಿ, “ಹಂಗಾದ್ರೆ ಇಷ್ಟು ವರ್ಷ ನಾನೂ ಟ್ಯಾಕ್ಸ್ ಕಟ್ತಿದ್ನಾ? ಮತ್ತೆ ಬಸ್ಸಲ್ಲಿ ಯಾರಾದ್ರೂ ಬಿಟ್ಟಿ ಅಂದ್ರೆ ನಾನ್ಯಾಕೆ ಸುಮ್ನಿರಲಿ?” ಎಂದರು.

ತುಮಕೂರಿನ ಆ ತರಗತಿಯಲ್ಲಿ ನಾನು ಸುಮ್ಮನಿದ್ದೆ. ಖಾಲಿ ಚೀಟಿ ಕೊಟ್ಟ ಹುಡುಗಿಗೂ, ಪ್ರಶ್ನೆ ಕೇಳಿದ ಹುಡುಗನಿಗೂ ಈ ಎರಡನೇ ಪಾಠ ಸಿಗಲಿಲ್ಲ. ಅದಕ್ಕೇ ಪರಿಷ್ಕರಿಸಿದ ಪಾಠ ಯೋಜನೆ ಮತ್ತು ಹತ್ತು ರಟ್ಟಿನ ಮನೆಗಳನ್ನು ಕಾಲೇಜಿನ ಗಣಿತ ಪ್ರಯೋಗಾಲಯದಲ್ಲಿ ಇಟ್ಟಿದ್ದೇನೆ. ಮುಂದಿನ ತಂಡದವರು ಯಾರಾದರೂ ತುಮಕೂರು ನಗರದ ಶಾಲೆಗೆ ಹೋದರೆ ದಯವಿಟ್ಟು ತೆಗೆದುಕೊಂಡು ಹೋಗಿ.